ಉಳಿದ 360 ರೂಪಾಯಿ ಎಲ್ಲಿ ಹೋಯ್ತು?

ನನ್ನ ಸೋದರಮಾವ ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಸಗಟು ಪೇಟೆಯಲ್ಲಿ, ಒಂದು ಬೇಳೆ ಮಿಲ್ಲಿಗೆ ಮೂವತ್ತು ವರ್ಷ ಲೆಕ್ಕ ಬರೆದವರು. ಕೆಲಸ ಬಿಟ್ಟು ಬ್ರಹ್ಮಪುರದ ಮನೆಯಲ್ಲಿ ಕೂತರೂ ಪೈಸೆ ತಾಳೆಯಾಗದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಹೋದ ತಿಂಗಳು ಅವರ ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂತು: ಖಾತೆಗೆ 240 ರೂಪಾಯಿ ಜಮಾ. ಎಂದೋ ಕೊಂಡಿಟ್ಟಿದ್ದ ಸಿಮೆಂಟ್ ಕಂಪನಿಯೊಂದರ 60 ಷೇರುಗಳ ಡಿವಿಡೆಂಡ್ ಅದು, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಷೇರಿಗೆ 4 ರೂಪಾಯಿ.

ಬೇರೆ ಯಾರಾದರೂ ಆಗಿದ್ದರೆ ಸುಮ್ನೆ ಒಂದು ಚಹಾ ಕುಡಿದು ಮರೆಯುತ್ತಿದ್ದರು. ಮಾಮಾ ಪೆನ್ನು ತೆಗೆದರು.

"ಕಂಪನಿಗೆ ಒಂದು ಷೇರಿಗೆ 10 ರೂಪಾಯಿ ಲಾಭ ಆಗ್ಯಾದ ಅಂತ ಪೇಪರಿನ್ಯಾಗ ಬಂದದ. ನನ್ನ 60 ಷೇರಿಗೆ 600 ಆತು. ಕೊಟ್ಟದ್ದು 240. ಉಳಿದ 360 ಎಲ್ಲಿ ಹೋತು? ಇಷ್ಟೇ ಅಂತ ಹ್ಯಾಂಗ ನಿರ್ಧಾರ ಮಾಡಿದ್ರು? ನನಗೊಂದ್ ಮಾತು ಕೇಳ್ಲಿಲ್ಲಲ್ಲ?"

ಮೂರೂ ಒಳ್ಳೆಯ ಪ್ರಶ್ನೆಗಳು. ಅಂಕಿಗಳನ್ನು ನಾನು ಸ್ವಲ್ಪ ದುಂಡು ಮಾಡಿದ್ದೇನೆ, ಕಂಪನಿಯ ಹೆಸರು ನಮಗೆ ಬೇಡ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಅದಕ್ಕೆ ಉತ್ತರ ಸಲೀಸು.

ಕೇಳಿದ್ದರು. ವರ್ಷದ ಡಿವಿಡೆಂಡ್ ಇಷ್ಟು ಎಂದು ಮೊದಲು ಹೇಳುವುದು ಕಂಪನಿಯ ನಿರ್ದೇಶಕರ ಮಂಡಳಿ. ಆ ಮಾತು ಷೇರುದಾರರ ವಾರ್ಷಿಕ ಸಭೆಗೆ ಬರುತ್ತದೆ, ಅಲ್ಲಿ ಮತ ಬೀಳುತ್ತದೆ. ಮಾಮಾನ ಇಮೇಲಿಗೂ ನೋಟಿಸ್ ಬಂದಿತ್ತು, ಅವರು ತೆರೆದು ನೋಡಿರಲಿಲ್ಲ ಅಷ್ಟೆ. ಆದರೆ ತೆರೆದಿದ್ದರೂ 4 ರೂಪಾಯಿ 6 ಆಗುತ್ತಿರಲಿಲ್ಲ. ಕಂಪನಿಗಳ ನಿಯಮಾವಳಿ ಸಾಮಾನ್ಯವಾಗಿ ಹೀಗಿರುತ್ತದೆ: ಮಂಡಳಿ ಹೇಳಿದ್ದಕ್ಕಿಂತ ಕಡಿಮೆ ಮಾಡಲು ಷೇರುದಾರರಿಗೆ ಅಧಿಕಾರವಿದೆ, ಜಾಸ್ತಿ ಮಾಡಲು ಇಲ್ಲ. ವರ್ಷದ ನಡುವೆ ಕೊಡುವ ಮಧ್ಯಂತರ ಡಿವಿಡೆಂಡಿಗೆ ಮಂಡಳಿಯ ತೀರ್ಮಾನವೇ ಸಾಕು, ಸಭೆಯವರೆಗೂ ಕಾಯುವುದಿಲ್ಲ.

ಇದು ಅನ್ಯಾಯ ಅನಿಸಬಹುದು. ಆದರೆ ನಾಲ್ಕು ಜನ ಪಾಲುದಾರರ ಮಿಲ್ ನೆನಪಿಸಿಕೊಳ್ಳಿ. ಮದುವೆ ಸೀಸನ್ನಿನಲ್ಲಿ ಎಲ್ಲರೂ ಕೂತು ಕೈ ಎತ್ತಿದರೆ ಗಲ್ಲಾದಲ್ಲಿ ಏನು ಉಳಿದೀತು?

ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ. 2013ರ ಕಂಪನಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಡಿವಿಡೆಂಡ್ ಬರಬೇಕಾದದ್ದು ಲಾಭದಿಂದ. ಅದೂ ಯಂತ್ರ, ಕಟ್ಟಡಗಳ ಸವಕಳಿ ಕಳೆದ ಮೇಲಿನ ಲಾಭದಿಂದ. ಹಿಂದಿನ ವರ್ಷಗಳ ನಷ್ಟ ಬಾಕಿ ಇದ್ದರೆ ಮೊದಲು ಅದನ್ನು ತುಂಬಬೇಕು. ಈ ವರ್ಷ ಲಾಭ ಸಾಲದಿದ್ದರೆ ಹಳೆಯ ವರ್ಷಗಳ ಉಳಿಕೆ ಲಾಭವನ್ನು ಮುಟ್ಟಬಹುದು, ಅದಕ್ಕೂ ಮಿತಿಗಳಿವೆ. ಜನ ಹಾಕಿದ ಬಂಡವಾಳವನ್ನೇ ತೆಗೆದು "ತಗೊಳ್ರಿ ಡಿವಿಡೆಂಡ್" ಎನ್ನುವಂತಿಲ್ಲ. ಬಿತ್ತನೆಗೆ ಇಟ್ಟ ತೊಗರಿಯನ್ನು ಒಡೆದು ಬೇಳೆ ಮಾಡಿ ತಿಂದ ಹಾಗಾಗುತ್ತದೆ ಅದು.

ಕಾನೂನು ಹೇಳುವುದು ಇಷ್ಟೇ, ಮೇಲಿನ ಗಡಿ ಮಾತ್ರ. ಆ ಗಡಿಯೊಳಗೆ ಸೊನ್ನೆಯಿಂದ ಹಿಡಿದು ಇಡೀ ಲಾಭದವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. 4 ರೂಪಾಯಿಗೇ ಯಾಕೆ ನಿಂತರು ಎನ್ನುವುದು ಬೇರೆ ಕಥೆ. ಆ ಕಥೆ ಮಾಮಾನಿಗೆ ಗೊತ್ತು, ಗೊತ್ತಿದೆ ಅನ್ನುವುದು ಗೊತ್ತಿರಲಿಲ್ಲ.

"ಮಾಮಾ, ವರ್ಷದ ಕೊನೀಗೆ ನಿಮ್ಮ ಸಾವಕಾರ್ರಿಗೆ ನೀವು ಏನು ಹೇಳ್ತಿದ್ರಿ?" ಎಂದು ಕೇಳಿದೆ.

"ಏನು ಹೇಳೋದು, ಪ್ರತಿ ವರ್ಷ ಅದೇ ಮಾತು. ಲಾಭ ಅದ, ರೊಕ್ಕ ಇಲ್ಲ."

ಇದೇ ಮೊದಲ ಉತ್ತರ. ಒಂದು ಬೇಳೆ ಮಿಲ್ ಎಂದು ಇಟ್ಟುಕೊಳ್ಳಿ. ಮಾರ್ಚ್ ಕೊನೆಗೆ 40 ಲಕ್ಷ ಲಾಭ. ಈ ಲಾಭ ಲೆಕ್ಕ ಹಾಕುವಾಗ ಸವಕಳಿ ಎಂದು 6 ಲಕ್ಷ ಕಳೆದಿದ್ದೇವೆ. ಅದು ಯಾರ ಕೈಗೂ ಕೊಟ್ಟ ಹಣವಲ್ಲ, ಪುಸ್ತಕದಲ್ಲಿ ಬರೆದ ಖರ್ಚು. ಹಾಗಾಗಿ ವಾಪಸ್ ಸೇರಿಸಿ, 46 ಲಕ್ಷ ಆಯಿತು. ಈಗ ಕಳೆಯುತ್ತಾ ಬನ್ನಿ. ನಮ್ಮ ಕಡೆ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಗಂಜಿಗೆ ಮಾಲು ಬರುವುದು ಅದರ ಬೆನ್ನಿಗೆ. ವರ್ಷವಿಡೀ ಮಿಲ್ ಓಡಬೇಕೆಂದರೆ ಆಗಲೇ ಖರೀದಿಸಿ ಗೋದಾಮು ತುಂಬಿಕೊಳ್ಳಬೇಕು. ಈ ಸಲ ದರ ಏರಿದ್ದರಿಂದ ಅಷ್ಟೇ ಚೀಲಕ್ಕೆ ಹೋದ ವರ್ಷಕ್ಕಿಂತ 22 ಲಕ್ಷ ಜಾಸ್ತಿ ಹಾಕಬೇಕಾಯಿತು. ಹೈದರಾಬಾದ್, ಸೊಲ್ಲಾಪುರದ ವ್ಯಾಪಾರಿಗಳ ಹತ್ತಿರ ನಿಂತ ಉದ್ರಿ 9 ಲಕ್ಷ ಏರಿದೆ. ಬ್ಯಾಂಕ್ ಸಾಲದ ಅಸಲಿನ ಕಂತು 5 ಲಕ್ಷ. ಮೂರೂ ಸೇರಿ 36 ಲಕ್ಷ. ಗಲ್ಲಾದಲ್ಲಿ ಉಳಿದದ್ದು 10 ಲಕ್ಷ.

ಅಷ್ಟರಲ್ಲಿ ಪಕ್ಕದ ಮಿಲ್ಲಿನವರು ಹೊಸ ಸಾರ್ಟೆಕ್ಸ್ ಯಂತ್ರ ಹಾಕಿದ್ದಾರೆ. ಕ್ಯಾಮೆರಾ ಕಣ್ಣಿನಿಂದ ಒಂದೊಂದು ಬೇಳೆ ನೋಡಿ, ಬಣ್ಣಗೆಟ್ಟದ್ದನ್ನು ಗಾಳಿಯಲ್ಲಿ ಊದಿ ಹಾರಿಸುವ ಯಂತ್ರ ಅದು. ನಾವೂ ಹಾಕದಿದ್ದರೆ ನಮ್ಮ ಬೇಳೆಗೆ ದರ ಸಿಗುವುದಿಲ್ಲ. ಮುಂಗಡ 6 ಲಕ್ಷ. ಅಲ್ಲಿಗೆ ಪಾಲುದಾರರು ನೆಮ್ಮದಿಯಿಂದ ಹಂಚಿಕೊಳ್ಳಬಹುದಾದದ್ದು 4 ಲಕ್ಷ. ಪುಸ್ತಕದಲ್ಲಿ ಲಾಭ 40, ಕೈಗೆ ಸಿಗುವುದು 4.

ವ್ಯವಹಾರ ನಡೆಸಿ, ಯಂತ್ರ ಗಿಂತ್ರಕ್ಕೆ ಹಾಕಿ ಉಳಿದ ನಗದಿಗೆ ದೊಡ್ಡ ಕಂಪನಿಗಳು ಫ್ರೀ ಕ್ಯಾಶ್ ಫ್ಲೋ ಎನ್ನುತ್ತವೆ. ಡಿವಿಡೆಂಡ್ ಬಗ್ಗೆ ತಲೆಕೆಡಿಸಿಕೊಳ್ಳುವವರು ಲಾಭಕ್ಕಿಂತ ಮೊದಲು ಅದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಲಾಭದಲ್ಲಿ ಅಂದಾಜು ಬೆರೆತಿರುತ್ತದೆ. ಡಿವಿಡೆಂಡ್ ಹೋಗುವುದು ಬ್ಯಾಂಕ್ ಖಾತೆಯಿಂದ, ಅಲ್ಲಿ ಅಂದಾಜು ನಡೆಯುವುದಿಲ್ಲ.

ಈಗ ಮಿಲ್ ಬಿಟ್ಟು ಸಿಮೆಂಟಿಗೆ ಬನ್ನಿ. ಕಲಬುರಗಿಯಿಂದ ಶಹಾಬಾದ್, ವಾಡಿ ಕಡೆಗೋ ಸೇಡಂ, ಮಳಖೇಡ ಕಡೆಗೋ ಹೊರಟರೆ ದೂರದಿಂದಲೇ ಚಿಮಣಿಗಳು ಕಾಣುತ್ತವೆ. ನೆಲದಡಿ ಸುಣ್ಣದ ಕಲ್ಲು ಇರುವುದರಿಂದ ಸಿಮೆಂಟ್ ಕಾರ್ಖಾನೆಗಳು ಇಲ್ಲಿ ಒತ್ತಾಗಿವೆ. ಈ ಧಂದೆಯಲ್ಲಿ ಹೊಸ ಘಟಕ ಕಟ್ಟಲು ಸಾವಿರಾರು ಕೋಟಿ ಬೇಕು, ವರ್ಷಗಟ್ಟಲೆ ಕಾಯಬೇಕು. ಕಟ್ಟುವ ಕಾಲದಲ್ಲಿ ಕೈ ಬಿಗಿ, ಕಟ್ಟಿ ಮುಗಿದು ಉತ್ಪಾದನೆ ಶುರುವಾದ ಮೇಲೆ ಕೈ ಸ್ವಲ್ಪ ಸಡಿಲ. ಸಾಫ್ಟ್‌ವೇರ್ ಕಂಪನಿಗೆ ಈ ತಾಪತ್ರಯ ಕಡಿಮೆ. ಅವರಿಗೆ ಸುಣ್ಣದ ಕಲ್ಲು ಸುಡುವ ಗೂಡು ಬೇಡ, ಕಲ್ಲಿನ ಗಣಿ ಬೇಡ. ಅದಕ್ಕೇ ಇನ್ಫೋಸಿಸ್‌ನಂಥ ಕಂಪನಿ, ಐದು ವರ್ಷದ ಅವಧಿಯಲ್ಲಿ ಫ್ರೀ ಕ್ಯಾಶ್ ಫ್ಲೋದ ಸುಮಾರು ಶೇ 85ರಷ್ಟನ್ನು ಡಿವಿಡೆಂಡ್, ಷೇರು ಮರುಖರೀದಿ ರೂಪದಲ್ಲಿ ವಾಪಸ್ ಕೊಡುತ್ತೇವೆ ಎಂದು ಬರೆದುಕೊಡುವಷ್ಟು ಧೈರ್ಯ ತೋರಿಸುತ್ತದೆ.

ಇನ್ನು ಉಳಿಸಿಕೊಂಡ ಹಣ ಎಷ್ಟು ದುಡಿಯುತ್ತದೆ ಎಂಬ ಪ್ರಶ್ನೆ. ಮಾಮಾನ 360 ರೂಪಾಯಿ ಕಂಪನಿಯೊಳಗೇ ಇದ್ದು ವರ್ಷಕ್ಕೆ ನೂರಕ್ಕೆ 18ರಂತೆ ದುಡಿದರೆ ಅದು ಅಲ್ಲೇ ಇರಲಿ. ಮಾಮಾ ತಂದು ಎಫ್‌ಡಿಯಲ್ಲಿಟ್ಟರೆ 7 ಸಿಗುತ್ತದೆ ಎಂದುಕೊಳ್ಳಿ, ಅದಕ್ಕಿಂತ ಇದು ಮೇಲು. ಕಂಪನಿ ಅದೇ ಹಣಕ್ಕೆ 5 ದುಡಿಯುತ್ತದಾದರೆ ಇಟ್ಟುಕೊಳ್ಳುವ ಹಕ್ಕು ಅದಕ್ಕಿಲ್ಲ ಅನ್ನಬೇಕು. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರ ಕಂಪನಿ ಬರ್ಕ್‌ಶೈರ್ ಹಾಥವೇ ಅವರ ಕಾಲದಲ್ಲಿ ಡಿವಿಡೆಂಡ್ ಕೊಟ್ಟದ್ದು ಒಂದೇ ಸಲ, 1967ರಲ್ಲಿ. ಷೇರುದಾರರು ಗಲಾಟೆ ಮಾಡಲಿಲ್ಲ, ಯಾಕೆಂದರೆ ಒಳಗಿದ್ದ ಹಣ ಚೆನ್ನಾಗಿ ದುಡಿಯುತ್ತಿತ್ತು. ಮೈಕ್ರೋಸಾಫ್ಟ್ 1986ರಲ್ಲಿ ಷೇರುಪೇಟೆಗೆ ಬಂದರೂ ಮೊದಲ ಡಿವಿಡೆಂಡ್ ಕೊಟ್ಟದ್ದು 2003ರಲ್ಲಿ. ಬೆಳೆಯುವ ವಯಸ್ಸಿನಲ್ಲಿ ಎಲ್ಲವೂ ಹೊಟ್ಟೆಗೇ ಹೋಗುತ್ತದೆ. ತೊಂದರೆ ಎಲ್ಲಿ ಅಂದರೆ, ತನ್ನ ಕೈಯಲ್ಲಿರುವ ಹಣಕ್ಕೆ ಒಳ್ಳೆಯ ಯೋಜನೆ ಇಲ್ಲ ಎಂದು ಒಪ್ಪಿಕೊಳ್ಳುವ ಮ್ಯಾನೇಜರ್ ಸಿಗುವುದು ಅಪರೂಪ.

ಇಲ್ಲಿಯವರೆಗಿನ ಲೆಕ್ಕ ನೋಡಿದರೆ ಡಿವಿಡೆಂಡ್ ಪ್ರತಿ ವರ್ಷ ಲಾಭದ ಜೊತೆ ಏರಿಳಿಯಬೇಕು. ಹಾಗಾಗುವುದಿಲ್ಲ. ಲಾಭ ಕುಣಿದಾಡಿದರೂ ಡಿವಿಡೆಂಡ್ ಮೆಲ್ಲಗೆ ನಡೆಯುತ್ತದೆ. ಯಾಕೆ? ಇಡೀ ವಿಷಯದ ಗುಟ್ಟು ಇಲ್ಲೇ ಇದೆ ಎಂದು ನನಗನಿಸುತ್ತದೆ. ಅದನ್ನೂ ಗಂಜಿನಲ್ಲೇ ನೋಡಬಹುದು.

ದೀಪಾವಳಿಯಲ್ಲಿ ಅಂಗಡಿ ಪೂಜೆಯ ದಿನ ಹಮಾಲರಿಗೆ ಬೋನಸ್ ಕೊಡುವುದುಂಟು. ಹೋದ ವರ್ಷ 2 ಸಾವಿರ ಕೊಟ್ಟಿದ್ದೀರಿ. ಈ ವರ್ಷ ವ್ಯಾಪಾರ ಎರಡು ಪಟ್ಟು. 4 ಸಾವಿರ ಕೊಡುತ್ತೀರಾ? ಮಾಮಾ ತಲೆ ಅಲ್ಲಾಡಿಸಿದರು. "ಇಲ್ಲಪ. 4 ಕೊಟ್ರ ಮುಂದಿನ ವರ್ಷಾನೂ 4 ಕೊಡಬೇಕಾಗ್ತದ. ಮಳಿ ಹೋತು, ಮಾಲ್ ಬರಲಿಲ್ಲ ಅಂದ್ರ? 2 ಕೊಡ್ತೀನಿ ಅಂದ್ರ ಕೆಲಸಾ ಬಿಟ್ಟು ಕೂಡ್ತಾರ. ಎರಡೂವರಿ ಕೊಡೋದು. ಬಾಕಿ ಮುಂದ ನೋಡಿದ್ರಾತು."

ಈ ಮಾತನ್ನೇ ಅಮೆರಿಕದ ಜಾನ್ ಲಿಂಟ್ನರ್ ಎಂಬ ಅರ್ಥಶಾಸ್ತ್ರಜ್ಞ 1956ರಲ್ಲಿ ಬರೆದರು. 28 ಕಂಪನಿಗಳನ್ನು ಆರಿಸಿಕೊಂಡು, ಅವುಗಳ ದೊಡ್ಡ ಅಧಿಕಾರಿಗಳನ್ನು ಕೂರಿಸಿ "ಡಿವಿಡೆಂಡ್ ಹೇಗೆ ನಿರ್ಧರಿಸುತ್ತೀರಿ" ಎಂದು ಕೇಳಿದರು. ಕಂಡದ್ದು ಇದು: ಅವರು ಪ್ರತಿ ವರ್ಷ ಹೊಸದಾಗಿ "ಎಷ್ಟು ಕೊಡೋಣ" ಎಂದು ಯೋಚಿಸುವುದಿಲ್ಲ. "ಹೋದ ವರ್ಷ ಕೊಟ್ಟದ್ದನ್ನು ಬದಲಿಸಬೇಕಾ" ಎಂದು ಯೋಚಿಸುತ್ತಾರೆ. ಮನಸ್ಸಿನಲ್ಲಿ ಒಂದು ಗುರಿ ಇರುತ್ತದೆ, ಲಾಭದ ಶೇ 40 ಎನ್ನೋಣ. ಆದರೆ ಆ ಗುರಿಗೆ ಒಂದೇ ನೆಗೆತಕ್ಕೆ ಹೋಗುವುದಿಲ್ಲ.

ಮಾಮಾನ ಕಂಪನಿಯನ್ನೇ ತಗೊಳ್ಳಿ. ಷೇರಿಗೆ 10 ಇದ್ದ ಲಾಭ ಮುಂದಿನ ವರ್ಷ 20 ಆಯಿತು ಎನ್ನಿ. ಶೇ 40ರ ಲೆಕ್ಕದಲ್ಲಿ ಡಿವಿಡೆಂಡ್ 8 ಆಗಬೇಕು. ಮಂಡಳಿ ಹಾಗೆ ಮಾಡುವುದಿಲ್ಲ. 4ಕ್ಕೂ 8ಕ್ಕೂ ನಡುವಿನ ಅಂತರದ ಕಾಲು ಭಾಗ ಏರಿಸಿ 5 ಕೊಡುತ್ತದೆ. ಮರುವರ್ಷವೂ ಲಾಭ 20ರಲ್ಲೇ ನಿಂತರೆ, ಉಳಿದ ಅಂತರದ ಕಾಲು ಭಾಗ ಏರಿಸಿ 5.75. ಹೀಗೆ ಹೆಜ್ಜೆ ಹೆಜ್ಜೆಯಾಗಿ. ಕಾಲು ಭಾಗ ಎಂಬುದು ನನ್ನ ಉದಾಹರಣೆ, ಒಂದೊಂದು ಕಂಪನಿಯ ನಡಿಗೆ ಒಂದೊಂದು ತರಹ. ಆ ಹೆಚ್ಚಿದ ಲಾಭ ನಿಲ್ಲುತ್ತದೆ ಎಂಬ ಭರವಸೆ ಬಂದಷ್ಟೂ ಡಿವಿಡೆಂಡ್ ಏರುತ್ತದೆ. ಲಾಭ ಬಿದ್ದಾಗಲೂ ಅಷ್ಟೇ, ಸಾಧ್ಯವಾದಷ್ಟು ದಿನ ಹಳೆಯ ಮೊತ್ತವನ್ನೇ ಹಿಡಿದು ನಿಲ್ಲುತ್ತಾರೆ. ಇಳಿಸಿದರೆ ಪೇಟೆ ಅದನ್ನು "ಒಳಗೆ ಏನೋ ಸರಿಯಿಲ್ಲ" ಎಂದೇ ಓದುತ್ತದೆ.

ಇಳಿಸಲೇಬೇಕಾದ ಕಾಲವೂ ಬರುತ್ತದೆ. ಆಪಲ್ ಕಂಪನಿ ಕಷ್ಟದಲ್ಲಿದ್ದಾಗ 1996ರಲ್ಲಿ ಡಿವಿಡೆಂಡ್ ನಿಲ್ಲಿಸಿತು, ಮತ್ತೆ ಶುರು ಮಾಡಿದ್ದು 2012ರಲ್ಲಿ. ಆ ಹೊತ್ತಿಗೆ ಐಫೋನ್ ಬಂದು ಐದು ವರ್ಷವಾಗಿತ್ತು, ಹಣ ರಾಶಿ ಬಿದ್ದಿತ್ತು. ಕೆಲವೊಮ್ಮೆ ಹೊರಗಿನವರೇ ಕೈ ಹಿಡಿಯುತ್ತಾರೆ. ಕೋವಿಡ್ ಬಂದಾಗ, 2020ರ ಏಪ್ರಿಲ್‌ನಲ್ಲಿ, ರಿಸರ್ವ್ ಬ್ಯಾಂಕ್ ಆಗಷ್ಟೇ ಮುಗಿದ ಹಣಕಾಸು ವರ್ಷದ ಲಾಭದಿಂದ ಡಿವಿಡೆಂಡ್ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಸಾಲ ಕೊಟ್ಟವರು ಕರಾರಿನಲ್ಲೇ ಇಂಥ ಷರತ್ತು ಬರೆಸುವುದೂ ಇದೆ.

ಹಾಗಾದರೆ ಒಂದು ವರ್ಷ ಲಾಟರಿ ಹೊಡೆದಂತೆ ಲಾಭ ಬಂದರೆ? ಜಮೀನು ಮಾರಿದ ಹಣ ಬಂತು ಎನ್ನಿ. ಆಗ ಕಂಪನಿಗಳು "ವಿಶೇಷ ಡಿವಿಡೆಂಡ್" ಎಂಬ ಹೆಸರು ಹಚ್ಚುತ್ತವೆ. ಹೆಸರಿನಲ್ಲೇ ಸೂಚನೆ ಇದೆ: ಇದು ಈ ಸಲ ಮಾತ್ರ, ಮುಂದಿನ ದೀಪಾವಳಿಗೆ ಕೇಳಬೇಡಿ. ಷೇರು ಮರುಖರೀದಿಯೂ ಇದೇ ಜಾತಿಯದು. ಪೇಟೆಯಲ್ಲಿರುವ ತನ್ನದೇ ಷೇರುಗಳನ್ನು ಕಂಪನಿ ಕೊಂಡು ರದ್ದು ಮಾಡುತ್ತದೆ. ಮುಂದಿನ ವರ್ಷವೂ ಮಾಡಬೇಕೆಂಬ ಹಂಗಿಲ್ಲ.

ಇದೆಲ್ಲ ಸುಮ್ನೆ ತಲೆಬಿಸಿ, ಡಿವಿಡೆಂಡ್ ಎಷ್ಟಾದರೂ ಒಂದೇ ಎಂದು ಹೇಳಿದವರೂ ಇದ್ದಾರೆ, ಅವರು ಸಣ್ಣ ಜನರಲ್ಲ. ಮರ್ಟನ್ ಮಿಲ್ಲರ್, ಫ್ರಾಂಕೋ ಮೊಡಿಗ್ಲಿಯಾನಿ 1961ರಲ್ಲಿ ಇದನ್ನು ವಾದಿಸಿದರು. ಇಬ್ಬರಿಗೂ ಮುಂದೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ವಾದ ಸರಳ. 400 ರೂಪಾಯಿಯ ಷೇರು 4 ರೂಪಾಯಿ ಕೊಟ್ಟ ಮೇಲೆ 396ಕ್ಕೆ ಇಳಿಯಬೇಕು, ಯಾಕೆಂದರೆ ಆ 4 ಈಗ ಕಂಪನಿಯಲ್ಲಿಲ್ಲ. ಅಂಗಿಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ಹಾಕಿದಂತೆ. ನಗದು ಬೇಕಾದವರು ಒಂದೆರಡು ಷೇರು ಮಾರಿಕೊಂಡರಾಯಿತು. ತೆರಿಗೆ ಇಲ್ಲದ, ದಲ್ಲಾಳಿ ಖರ್ಚಿಲ್ಲದ, ಎಲ್ಲರಿಗೂ ಎಲ್ಲವೂ ಗೊತ್ತಿರುವ ಲೋಕದಲ್ಲಿ ಇದು ನಿಜ. ನಮ್ಮ ಪೇಟೆಯಲ್ಲೂ ಡಿವಿಡೆಂಡ್ ಕಳಚುವ ದಿನ, ಅಂದರೆ ಎಕ್ಸ್ ಡೇಟಿನಂದು (ಅಂದಿನಿಂದ ಷೇರು ಕೊಂಡವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲ), ಷೇರಿನ ದರ ಹೆಚ್ಚುಕಡಿಮೆ ಅಷ್ಟು ಇಳಿದೇ ತೆರೆಯುತ್ತದೆ. ಡಿವಿಡೆಂಡ್ ಆಸೆಗೆ ಹಿಂದಿನ ದಿನ ಕೊಂಡು ಮರುದಿನ ಮಾರುವವರಿಗೆ ಇದು ತಡವಾಗಿ ಗೊತ್ತಾಗುತ್ತದೆ.

ಆದರೆ ನಮ್ಮ ಲೋಕದಲ್ಲಿ ತೆರಿಗೆ ಇದೆ. 2020ರ ಮಾರ್ಚ್‌ವರೆಗೆ ಡಿವಿಡೆಂಡ್ ಹಂಚುವ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಆಮೇಲೆ ಅದು ಪಡೆದವರ ತಲೆಗೆ ಬಂತು, ಅವರವರ ಆದಾಯದ ಸ್ಲ್ಯಾಬಿನಂತೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಶೇ 10 ಮೊದಲೇ ಕಡಿತವಾಗುತ್ತದೆ; 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 5,000 ಇತ್ತು. ಮಾಮಾನ 240ಕ್ಕೆ ಇದರ ಬಿಸಿ ಇಲ್ಲ. ಅರ್ಧ ಕಂಪನಿಯನ್ನೇ ಹಿಡಿದಿರುವ ದೊಡ್ಡ ಮನೆತನಕ್ಕೆ ಇದೆ. ಅವರು ಸ್ವಂತ ಹೆಸರಿನಲ್ಲಿ ಷೇರು ಇಟ್ಟುಕೊಂಡಿದ್ದರೆ ನೂರಕ್ಕೆ 35ರ ಮೇಲೆ ತೆರಿಗೆ. ಅಂಥವರು ಮಂಡಳಿಯಲ್ಲಿ ಕೂತಾಗ "ಈ ವರ್ಷ ಜಾಸ್ತಿ ಬೇಡ" ಅನ್ನಿಸಿದರೆ ಆಶ್ಚರ್ಯವಿಲ್ಲ.

ಒಡೆಯ ಯಾರು ಎಂಬುದರ ಮೇಲೂ ತೀರ್ಮಾನ ನಿಂತಿರುತ್ತದೆ, ಅಲ್ವಾ? ಕೇಂದ್ರ ಸರ್ಕಾರ ತನ್ನ ಕಂಪನಿಗಳಿಗೆ ಬರೆದೇ ಹೇಳಿದೆ: ತೆರಿಗೆ ಕಳೆದ ಲಾಭದ ಶೇ 30 ಅಥವಾ ನಿವ್ವಳ ಆಸ್ತಿಯ ಶೇ 4, ಯಾವುದು ಹೆಚ್ಚೋ ಅಷ್ಟಾದರೂ ಕೊಡಬೇಕು. 2024ರಲ್ಲಿ ತಿದ್ದಿದ ನಿಯಮ ಇದು. ಸರ್ಕಾರಕ್ಕೆ ಬಜೆಟ್ ತುಂಬಬೇಕು, ಕಾಯುವ ವ್ಯವಧಾನ ಕಡಿಮೆ.

ಒಡೆಯರೇ ಜಗಳಕ್ಕೆ ಬಿದ್ದರೆ? ಹೆನ್ರಿ ಫೋರ್ಡ್ ಕಥೆ ಕೇಳಿ. 1916ರಲ್ಲಿ ಅವರ ಕಂಪನಿಯಲ್ಲಿ ಹಣ ತುಂಬಿ ತುಳುಕುತ್ತಿತ್ತು. ಫೋರ್ಡ್ ಮಾತ್ರ ವಿಶೇಷ ಡಿವಿಡೆಂಡ್ ಬಂದ್ ಮಾಡಿ, ಕಾರಿನ ಬೆಲೆ ಇಳಿಸುತ್ತೇನೆ, ದೊಡ್ಡ ಕಾರ್ಖಾನೆ ಕಟ್ಟುತ್ತೇನೆ ಎಂದರು. ಶೇ 10 ಷೇರು ಹಿಡಿದಿದ್ದ ಡಾಡ್ಜ್ ಸಹೋದರರು ಕೋರ್ಟಿಗೆ ಹೋದರು. ಅವರಿಗೆ ತಮ್ಮದೇ ಕಾರು ಕಂಪನಿಗೆ ಹಣ ಬೇಕಿತ್ತು, ಅದು ಫೋರ್ಡ್‌ಗೂ ಗೊತ್ತಿತ್ತು. 1919ರಲ್ಲಿ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟ್ ಸುಮಾರು 1.9 ಕೋಟಿ ಡಾಲರ್ ಹಂಚಿ ಎಂದು ಆದೇಶ ಕೊಟ್ಟಿತು. ಆದರೆ ಕಾರ್ಖಾನೆ ಕಟ್ಟುವುದನ್ನು ತಡೆಯಲಿಲ್ಲ. ವ್ಯಾಪಾರ ಹೇಗೆ ಬೆಳೆಸಬೇಕೆಂಬುದು ನ್ಯಾಯಾಧೀಶರ ಕಸುಬಲ್ಲ ಎಂಬ ಧಾಟಿಯಲ್ಲಿ ಅದನ್ನು ಮಂಡಳಿಗೇ ಬಿಟ್ಟಿತು. ಅದಕ್ಕೂ ಮುನ್ನೂರು ವರ್ಷ ಹಿಂದೆ, 1610ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿ ತನ್ನ ಮೊದಲ ಡಿವಿಡೆಂಡ್ ಅನ್ನು ಜಾಪತ್ರೆಯ ರೂಪದಲ್ಲಿ ಕೊಟ್ಟಿತ್ತು, ಮಸಾಲೆಗೆ ಹಾಕುವ ಅದೇ ಜಾಪತ್ರೆ. ಇದನ್ನು ಕೇಳಿ ಮಾಮಾ ನಕ್ಕರು. ಮಿಲ್ಲಿನ ಸಾವಕಾರ್ರು ಒಂದು ವರ್ಷ ಪಾಲಿನ ಬದಲು ಬೇಳೆ ಚೀಲ ಕಳಿಸಿದ್ದರಂತೆ.

ಪೇಪರಿನಲ್ಲಿ ಬರುವ ಶೇಕಡಾ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. "ಶೇ 200 ಡಿವಿಡೆಂಡ್" ಎಂದು ಓದಿ ಮಾಮಾ ಮೊದಲು ಹಿಗ್ಗಿದ್ದರು. ಆ ಶೇಕಡಾ ಷೇರಿನ ಮುಖಬೆಲೆಯ ಮೇಲೆ, ಅಂದರೆ ಪೇಟೆಯ ದರವಲ್ಲ, ಕಂಪನಿ ಷೇರಿಗೆ ನಮೂದಿಸಿದ ಮೂಲ ಬೆಲೆಯ ಮೇಲೆ. ಮುಖಬೆಲೆ 2 ರೂಪಾಯಿ, ಕೊಟ್ಟದ್ದು 4, ಆದ್ದರಿಂದ ಶೇ 200. ಲಾಭದ ಲೆಕ್ಕದಲ್ಲಿ ಅದೇ 4 ರೂಪಾಯಿ ಶೇ 40, ಇದಕ್ಕೆ ಪೇಔಟ್ ಎನ್ನುತ್ತಾರೆ. ಪೇಟೆ ದರ 400ರ ಮೇಲೆ ಲೆಕ್ಕ ಹಾಕಿದರೆ ಶೇ 1, ಇದು ಯೀಲ್ಡ್. ಹಣ ಅದೇ, ವೇಷ ಮೂರು. ಶೇ 200 ಅನ್ನುವ ಲೆಕ್ಕ ಕಿವಿಗೆ ಇಂಪು, ಬೇರೆ ಯಾವ ಉಪಯೋಗವೂ ಇಲ್ಲ.

ಕಂಪನಿಯ ಮನಸ್ಸು ತಿಳಿಯಬೇಕಾದರೆ ಇನ್ನೊಂದು ದಾರಿ ಇದೆ. ಷೇರುಪೇಟೆಯ ಮೊದಲ 1,000 ದೊಡ್ಡ ಕಂಪನಿಗಳು ತಮ್ಮ ಡಿವಿಡೆಂಡ್ ನೀತಿಯನ್ನು ಬರೆದು ವೆಬ್‌ಸೈಟಿನಲ್ಲಿ ಹಾಕಬೇಕು. 2016ರಲ್ಲಿ 500 ಕಂಪನಿಗಳಿಗಿದ್ದ ಈ ನಿಯಮವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ 1,000ಕ್ಕೆ ಹಿಗ್ಗಿಸಿತು. ಯಾವಾಗ ಕೊಡುತ್ತೇವೆ, ಯಾವಾಗ ನಿರೀಕ್ಷಿಸಬೇಡಿ, ಉಳಿಸಿಕೊಂಡದ್ದನ್ನು ಏನು ಮಾಡುತ್ತೇವೆ ಎಂದು ಅದರಲ್ಲಿರಬೇಕು. ಹಲವು ನೀತಿಗಳು ಎರಡು ಪುಟ ಬರೆದೂ ಏನನ್ನೂ ಹೇಳುವುದಿಲ್ಲ. ಆದರೆ ಕೆಲವರು ಅಂಕಿ ಹಾಕಿ ಬರೆಯುತ್ತಾರೆ. ಅಂಕಿ ಹಾಕಿದವರನ್ನು ನಾನು ಸ್ವಲ್ಪ ಜಾಸ್ತಿ ನಂಬುತ್ತೇನೆ.

ಮಾಮಾನಿಗೆ ಅವರ ಕಂಪನಿಯ ವಾರ್ಷಿಕ ವರದಿ ಇಳಿಸಿ, ನಗದು ಹರಿವಿನ ಪುಟವೊಂದನ್ನು ಪ್ರಿಂಟ್ ಹಾಕಿಸಿ ಕೊಟ್ಟೆ. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಅಂಕಿಗೆ ಭಾಷೆ ಯಾಕೆ ಬೇಕು. ಕನ್ನಡಕ ಏರಿಸಿ ಬೆರಳಿಟ್ಟುಕೊಂಡು ಇಳಿಯುತ್ತಾ ಹೋದರು. ವ್ಯವಹಾರದಿಂದ ಬಂದದ್ದು, ಸ್ಟಾಕಿಗೆ ಹೋದದ್ದು, ಉದ್ರಿ, ಬಡ್ಡಿ. ನಡುವೆ ಒಂದು ಸಾಲಿನಲ್ಲಿ ಬೆರಳು ನಿಂತಿತು. ಕಾರ್ಖಾನೆ, ಯಂತ್ರಗಳಿಗೆ ಹಾಕಿದ ಹಣದ ಸಾಲು. ಹೋದ ವರ್ಷದ ಮೂರು ಪಟ್ಟು ಇತ್ತು.

"ಅಂದ್ರ ಇವರೂ ಸಾರ್ಟೆಕ್ಸ್ ತಗೊಂಡಾರ," ಎಂದರು ಮಾಮಾ. ಆಮೇಲೆ ಪೆನ್ನು ತೆಗೆದು, ಆ ಸಾಲಿನ ಪಕ್ಕದಲ್ಲಿ 360 ಎಂದು ಬರೆದು ಒಂದು ಸುತ್ತು ಹಾಕಿದರು.